ಸಂತ ಲೂಯಿ ಮಾರ್ಟಿನ್: ಮಕ್ಕಳು ಕೈಬಿಡದ ತಂದೆ

ಗುಲಾಬಿ ಹೂಗಳ ನಡುವೆ ಶಿಲುಬೆಯನ್ನು ಎದೆಗೊತ್ತಿಕೊಂಡು ನಿಂತ ಬಾಲಯೇಸುವಿನ ಸಂತ ತೆರೇಸಾರ ಚಿತ್ರ ನಮ್ಮ ಅನೇಕ ಮನೆಗಳಲ್ಲಿದೆ. ಹೆಣ್ಣುಮಕ್ಕಳಿಗೆ ಆಕೆಯ ಹೆಸರನ್ನಿಟ್ಟ ತಾಯಂದಿರೂ ನಮ್ಮಲ್ಲಿ ಕಡಿಮೆಯಿಲ್ಲ. ಆದರೆ ಆಕೆಯ ತಂದೆ ಲೂಯಿ ಮಾರ್ಟಿನ್ ಮೂರು ವರ್ಷಗಳಿಗೂ ಮಿಗಿಲಾಗಿ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿದ್ದರು ಎಂಬುದನ್ನು ನಾವು ಗುರುಗಳೇ ಪ್ರಬೋಧನೆಯಲ್ಲಿ ಅಪರೂಪವಾಗಿ ಹೇಳುತ್ತೇವೆ.

ಫ್ರಾನ್ಸ್ ದೇಶದ ಬೋರ್ಡೋ ನಗರದಲ್ಲಿ 1823ರ ಆಗಸ್ಟ್ 22ರಂದು ಲೂಯಿ ಜನಿಸಿದರು. ತಾರುಣ್ಯದಲ್ಲಿ ಸನ್ಯಾಸಿಯಾಗುವ ಹಂಬಲದಿಂದ ಆಲ್ಪ್ಸ್ ಪರ್ವತದ ಸಂತ ಬರ್ನಾರ್ಡರ ಮಠದ ಬಾಗಿಲು ತಟ್ಟಿದರು. ಲ್ಯಾಟಿನ್ ಬಾರದೆಂಬ ಕಾರಣಕ್ಕೆ ಪ್ರವೇಶ ದೊರೆಯಲಿಲ್ಲ. ಅಲೆನ್ಸೋನ್ ಪಟ್ಟಣದಲ್ಲಿ ಗಡಿಯಾರದ ಅಂಗಡಿ ತೆರೆದ ಅವರು 1858ರಲ್ಲಿ ಕಸೂತಿ ಲೇಸಿನ ಉದ್ಯಮ ನಡೆಸುತ್ತಿದ್ದ ಜೆಲಿ ಗೆರೇನ್ ಅವರನ್ನು ವರಿಸಿದರು. ಒಂಬತ್ತು ಮಕ್ಕಳಲ್ಲಿ ನಾಲ್ವರು ಎಳೆತನದಲ್ಲೇ ತೀರಿಕೊಂಡರು. ಮರಿಯ, ಪೌಲಿನ್, ಲಿಯೋನಿ, ಸೆಲಿನ್ ಮತ್ತು ತೆರೇಸಾ ಉಳಿದರು. 1877ರಲ್ಲಿ ಜೆಲಿಯವರು ಸ್ತನದ ಕ್ಯಾನ್ಸರಿನಿಂದ ಮರಣಹೊಂದಿದಾಗ ಕಿರಿಯಳಿಗೆ ನಾಲ್ಕೂವರೆ ವರ್ಷ. ಪತ್ನಿಯ ಸಹೋದರ, ಔಷಧ ವ್ಯಾಪಾರಿ ಇಸಿದೋರ್ ಗೆರೇನ್ ಹತ್ತಿರದಲ್ಲಿದ್ದರೆ ತಾಯಿಯಿಲ್ಲದ ಮಕ್ಕಳಿಗೆ ಆಸರೆಯಾದೀತೆಂದು, ಲೂಯಿ ತಮಗೆ ಪರಿಚಿತವಾಗಿದ್ದ ಎಲ್ಲವನ್ನೂ ಬಿಟ್ಟು ಲಿಸಿಯು ಪಟ್ಟಣಕ್ಕೆ ಬಂದರು. ತಮಗಿಂತ ಮಕ್ಕಳಿಗೆ ಯಾರು ಬೇಕು ಎಂದು ಯೋಚಿಸಿದ ಆ ನಿರ್ಧಾರ ಮುಂದೆ ಅವರನ್ನೇ ಕಾಯಿತು.

ಪೌಲಿನ್ 1882ರಲ್ಲಿ, ಮರಿಯ 1886ರಲ್ಲಿ ಕಾರ್ಮೆಲ್ ಮಠ ಸೇರಿದರು. 1887ರ ಮೇ 1ರಂದು ಲೂಯಿಯವರಿಗೆ ಮೊದಲ ಬಾರಿ ಪಾರ್ಶ್ವವಾಯು ಬಡಿಯಿತು. ಚೇತರಿಸಿಕೊಂಡು, ಅದೇ ತಿಂಗಳಲ್ಲಿ ತೆರೇಸಾಗೆ ಮಠ ಸೇರಲು ಅನುಮತಿಯನ್ನೂ ಕೊಟ್ಟರು. 1888ರ ಏಪ್ರಿಲ್ 9ರಂದು ಆಕೆ ಕಾರ್ಮೆಲ್ ಪ್ರವೇಶಿಸಿದರು. ಎರಡೂವರೆ ತಿಂಗಳಲ್ಲಿ ತಂದೆ ಮನೆಯಿಂದ ಕಾಣೆಯಾದರು. ನಾಲ್ಕು ದಿನ ಹುಡುಕಿದ ಬಳಿಕ ಲೆ ಹಾವ್ರ್ ಬಂದರಿನಲ್ಲಿ ಸಿಕ್ಕಿದರು. ಮರೆವು, ಭ್ರಮೆ, ಅಕಾರಣ ಕಣ್ಣೀರು ಹೆಚ್ಚುತ್ತ ಹೋದವು. 1889ರ ಜನವರಿ 10ರಂದು ತೆರೇಸಾರ ವಸ್ತ್ರಧಾರಣೆಯ ದಿನ ಮಾತ್ರ ಅವರು ಪೂರ್ಣ ಸ್ವಸ್ಥರಾಗಿ ಮಗಳ ಕೈಹಿಡಿದು ನಡೆದರು. ಒಂದು ತಿಂಗಳಾಗುವಷ್ಟರಲ್ಲಿ, ಯುದ್ಧ ನಡೆಯುತ್ತಿದೆಯೆಂದು ಭ್ರಮಿಸಿ ಹೆಣ್ಣುಮಕ್ಕಳನ್ನು ರಕ್ಷಿಸಲು ಪಿಸ್ತೂಲು ಕೈಗೆತ್ತಿಕೊಂಡರು. ಫೆಬ್ರವರಿ 12ರಂದು ಅವರನ್ನು ಕಾನ್ ನಗರದ ಬೋನ್ ಸೊವೆರ್ ಆಸ್ಪತ್ರೆಗೆ ಸೇರಿಸಲಾಯಿತು.

ಮಿದುಳಿನ ರಕ್ತನಾಳಗಳು ಪೆಡಸಾಗಿ ಉಂಟಾದ ರೋಗವಿದೆಂದು ಇಂದು ತಿಳಿಯಲಾಗಿದೆ. ಲಿಸಿಯು ಪಟ್ಟಣದ ಜನ ಅಷ್ಟು ಕಾಯಲಿಲ್ಲ. ಮಕ್ಕಳೆಲ್ಲ ಒಬ್ಬೊಬ್ಬರಾಗಿ ಮಠ ಸೇರಿದ್ದರಿಂದ, ಅದರಲ್ಲೂ ಮುದ್ದಿನ ಕಿರಿಮಗಳು ಬಿಟ್ಟುಹೋದದ್ದರಿಂದ ತಂದೆಯ ತಲೆ ಕೆಟ್ಟಿತೆಂದು ಆಡಿಕೊಂಡರು. ಆ ಮಾತು ಮಠದ ಗೋಡೆಗಳೊಳಗೂ ತಲುಪಿತು.

ಇಲ್ಲಿ ಓದುಗರ ಕ್ಷಮೆ ಕೋರಿ ಒಂದು ಮಾತು. ಮನೆಗಳನ್ನು ಆಶೀರ್ವದಿಸಲು ಹೋದಾಗ ಎಲ್ಲ ಕೋಣೆಗಳಿಗೂ ತೀರ್ಥ ಚಿಮುಕಿಸುತ್ತೇನೆ. ಒಂದು ಬಾಗಿಲು ಮಾತ್ರ ಮುಚ್ಚಿಯೇ ಇರುತ್ತದೆ. ಒಳಗೆ ಯಾರಿದ್ದಾರೆಂದು ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ. ಮಗಳ ಮದುವೆಯ ಸಂಬಂಧ ತಪ್ಪೀತೆಂಬ ಭಯ ಒಂದೆಡೆ, ಇದು ಯಾವುದೋ ಪಾಪದ ಫಲವೆಂಬ ಅಳುಕು ಇನ್ನೊಂದೆಡೆ. ಗುರುಮಠದಲ್ಲಿ ನಾವು ಓದಿದ ಸಂತ ತೋಮಾಸ್ ಅಕ್ವಿನಾಸರ ತತ್ತ್ವಶಾಸ್ತ್ರವಾದರೋ ಏಳು ಶತಮಾನಗಳ ಹಿಂದೆಯೇ ಈ ಅಳುಕನ್ನು ನಿರಾಕರಿಸಿತ್ತು. ಮನುಷ್ಯನ ಬುದ್ಧಿ ಶರೀರದ ಅಂಗಗಳನ್ನು ಆಶ್ರಯಿಸಿ ಕೆಲಸ ಮಾಡುತ್ತದೆ. ಅಂಗ ಕೆಟ್ಟಾಗ ಆಲೋಚನೆಗೆ ತಡೆಯುಂಟಾಗುತ್ತದೆ, ಆತ್ಮ ಕೆಡುವುದಿಲ್ಲ ಎಂಬುದು ಅದರ ತಾತ್ಪರ್ಯ. ಪ್ರಾರ್ಥನೆ ಕೋರಿ ಬಂದವರನ್ನು ಮನೋವೈದ್ಯರ ಬಳಿಗೂ ಕಳುಹಿಸಿದಾಗ ಕೆಲವರಿಗೆ ನನ್ನ ಮೇಲೆ ಬೇಸರವಾದದ್ದುಂಟು. ಲೂಯಿಯವರ ಮಕ್ಕಳು ಎರಡನ್ನೂ ಮಾಡಿದರು.

ಸೆಲಿನ್ ಮತ್ತು ಲಿಯೋನಿ ತಂದೆಯ ಹಿಂದೆಯೇ ಕಾನ್ ನಗರಕ್ಕೆ ಹೋಗಿ ಭಗಿನಿಯರ ಆಶ್ರಯದಲ್ಲಿ ಉಳಿದರು. ಭೇಟಿಗೆ ವಾರಕ್ಕೊಮ್ಮೆ ಮಾತ್ರ ಅವಕಾಶ. ಉಳಿದ ದಿನಗಳಲ್ಲಿ ಅವರು ಆಸ್ಪತ್ರೆಗೆ ಹೋಗಿ ಸುದ್ದಿ ಕೇಳಿಕೊಂಡು ಹಿಂದಿರುಗುತ್ತಿದ್ದರು. ಮೇ ತಿಂಗಳಲ್ಲಿ ಸೋದರಮಾವ ಅವರನ್ನು ತಮ್ಮ ಮನೆಗೇ ಕರೆಸಿಕೊಂಡರು. ಸ್ವಸ್ಥವಾಗಿದ್ದ ಹೊತ್ತಿನಲ್ಲಿ ಲೂಯಿ ಪರಮಪ್ರಸಾದ ಸ್ವೀಕರಿಸುತ್ತಿದ್ದರು, ತಮಗೆ ಬಂದ ತಿಂಡಿಯನ್ನು ಇತರ ರೋಗಿಗಳಿಗೆ ಹಂಚುತ್ತಿದ್ದರು. ತಮ್ಮ ಸ್ಥಿತಿ ಅವರಿಗೆ ತಿಳಿದಿತ್ತು. ಆಜ್ಞಾಪಿಸಿಯೇ ಅಭ್ಯಾಸವಾಗಿದ್ದ ತಮಗೆ ದೇವರು ವಿಧೇಯತೆ ಕಲಿಸುತ್ತಿದ್ದಾರೆಂದು ವೈದ್ಯರಿಗೆ ತಿಳಿಸಿದ್ದರು. ಆದರೆ ಎಲ್ಲವೂ ಇಷ್ಟು ಶಾಂತವಾಗಿರಲಿಲ್ಲ. ಅದೇ ವರ್ಷದ ಜೂನ್‌ನಲ್ಲಿ ಆಸ್ತಿಯ ಆಡಳಿತ ಬಿಟ್ಟುಕೊಡುವ ಪತ್ರಕ್ಕೆ ಅವರ ಸಹಿ ಪಡೆದಾಗ, ಮಕ್ಕಳೇ ತಮ್ಮನ್ನು ತೊರೆದರೆಂದು ಅವರು ಕಣ್ಣೀರಿಟ್ಟರು. ಪ್ರೀತಿಯಿಂದ ಮಾಡಿದ್ದೂ ರೋಗಿಗೆ ದ್ರೋಹವಾಗಿ ಕಂಡೀತು. ಆರೈಕೆ ಮಾಡಿದವರಿಗೆ ಈ ನೋವು ಗೊತ್ತು.

ಮಠದೊಳಗಿದ್ದ ತೆರೇಸಾ ತಂದೆಯನ್ನು ನೋಡಲಾಗದೆ ನೊಂದರು. ವಸ್ತ್ರಧಾರಣೆಯ ದಿನಗಳಲ್ಲಿಯೇ ಆಕೆ ತಮ್ಮ ಹೆಸರಿಗೆ ಪ್ರಭುವಿನ ಪವಿತ್ರ ಮುಖದ ಹೆಸರನ್ನೂ ಸೇರಿಸಿಕೊಂಡಿದ್ದರು. ಯೆಶಾಯ ಪ್ರವಾದಿ ವರ್ಣಿಸಿದ ಯಾತನಾಮಯ ಸೇವಕನಲ್ಲಿ ತಂದೆಯ ಮುಖವನ್ನೂ ಕಂಡರು. 1890ರ ಸೆಪ್ಟೆಂಬರಿನಲ್ಲಿ ಕಪ್ಪು ಮುಸುಕು ಧರಿಸುವ ದಿನ ತಂದೆ ಬರುವರೆಂದು ಆಶಿಸಿದ್ದರು. ಅಪಾಯವೆಂದು ಮಾವ ತಡೆದರು. ಆ ದಿನ ಆಕೆ ಅತ್ತುಬಿಟ್ಟರು. ವಿಶ್ವಾಸವಿದ್ದವರು ಅಳಬಾರದೆಂಬ ನಿಯಮವನ್ನು ಈ ಸಂತಳು ಪಾಲಿಸಲಿಲ್ಲ.

ಕಾಲುಗಳು ಸ್ವಾಧೀನ ತಪ್ಪಿ, ಓಡಿಹೋಗುವ ಭಯ ಇಲ್ಲವಾದ ಮೇಲೆ, 1892ರ ಮೇ 10ರಂದು ಲೂಯಿ ಲಿಸಿಯುಗೆ ಮರಳಿದರು. ಎರಡು ದಿನಗಳ ನಂತರ ಮಠದ ಸಂದರ್ಶನ ಕೋಣೆಯಲ್ಲಿ ಮೂವರು ಹೆಣ್ಣುಮಕ್ಕಳನ್ನು ಕಂಡರು. ಮಾತು ಹೆಚ್ಚು ಹೊರಡಲಿಲ್ಲ. ಬೀಳ್ಕೊಡುವಾಗ ಬೆರಳೆತ್ತಿ ಸ್ವರ್ಗದತ್ತ ತೋರಿಸಿದರು. ಮನೆಯಲ್ಲಿ ಸೆಲಿನ್ ಸೇವಕರ ನೆರವಿನೊಂದಿಗೆ ಎರಡು ವರ್ಷ ಆರೈಕೆ ಮಾಡಿದರು. ಬೇಸಿಗೆಯಲ್ಲಿ ಲಾ ಮ್ಯೂಸ್‌ನಲ್ಲಿದ್ದ ಮಾವನ ಬಂಗಲೆಗೆ ಕರೆದೊಯ್ಯುತ್ತಿದ್ದರು. ಗಾಲಿಕುರ್ಚಿಯಲ್ಲಿ ಕುಳಿತ ಅವರನ್ನು ಇಡೀ ಕುಟುಂಬ ಸುತ್ತುವರಿದು ತೆಗೆಸಿಕೊಂಡ ಛಾಯಾಚಿತ್ರ ಇಂದಿಗೂ ಉಳಿದಿದೆ. 1894ರ ಜುಲೈ 29ರಂದು ಸೆಲಿನ್ ಹಾಸಿಗೆಯ ಬಳಿ ಇದ್ದಾಗಲೇ ಅವರು ಪ್ರಾಣ ಬಿಟ್ಟರು.

2015ರ ಅಕ್ಟೋಬರ್ 18ರಂದು ಪೋಪ್ ಫ್ರಾನ್ಸಿಸ್‌ರು ಲೂಯಿ ಮತ್ತು ಜೆಲಿ ದಂಪತಿಗೆ ಒಟ್ಟಾಗಿ ಸಂತ ಪದವಿ ನೀಡಿದರು. ಸೆಲಿನ್ ತಂದೆ ತೀರಿದ ಒಂದೂವರೆ ತಿಂಗಳಿಗೆ ಕಾರ್ಮೆಲ್ ಸೇರಿದ್ದರು. ಹಲವು ಬಾರಿ ಮಠ ಸೇರಿ ಹಿಂದಿರುಗಿದ್ದ ಲಿಯೋನಿ 1899ರಲ್ಲಿ ಕೊನೆಯ ಸಲ ಪ್ರವೇಶಿಸಿದ್ದು ತಂದೆ ಆಸ್ಪತ್ರೆಯಲ್ಲಿದ್ದ ಅದೇ ಕಾನ್ ನಗರದ ವಿಸಿಟೇಷನ್ ಮಠವನ್ನು. 1941ರಲ್ಲಿ ಮರಣಹೊಂದುವವರೆಗೂ ಅವರು ಅಲ್ಲೇ ಇದ್ದರು.