ಬಾಯೊಳಗಿನ ಊರನ್ನು ಮೊದಲು ಕಂಡ ಬಟ್ಟೆ ವ್ಯಾಪಾರಿ

ಹೋದ ತಿಂಗಳು ಹಲ್ಲಿನ ಡಾಕ್ಟರು ನನ್ನ ದವಡೆ ಸಂದಿಯಿಂದ ಬಿಳಿ ಪಾಚಿ ಕೆರೆದು ತೆಗೆದು, ಒಂದು ಮೌತ್‌ವಾಶ್ ಬರೆದುಕೊಟ್ಟರು. ಎಲ್ಲಾ ಕ್ರಿಮಿಗಳನ್ನೂ ಕೊಲ್ಲುತ್ತೆ ಅಂತ ಬಾಟಲಿ ಮೇಲೆ ಬರೆದಿತ್ತು. ಅದನ್ನು ಓದುವಾಗ ನೆನಪಾದವನು ಹಾಲೆಂಡಿನ ಡೆಲ್ಫ್ಟ್ ಊರಿನ ಆಂಟೋನಿ ವ್ಯಾನ್ ಲೀವೆನ್‌ಹುಕ್.

ಆತ ಹುಟ್ಟಿದ್ದು 1632ರಲ್ಲಿ, ಬುಟ್ಟಿ ಹೆಣೆಯುವವನ ಮಗನಾಗಿ. ಆಮ್‌ಸ್ಟರ್‌ಡ್ಯಾಮಿನಲ್ಲಿ ಬಟ್ಟೆ ವ್ಯಾಪಾರ ಕಲಿತು, 1654ರಲ್ಲಿ ಊರಿಗೆ ಮರಳಿ ಅಂಗಡಿ ಇಟ್ಟ. ಆಮೇಲೆ ಊರಾಡಳಿತದಲ್ಲಿ ಸಣ್ಣದೊಂದು ನೌಕರಿಯೂ ಸಿಕ್ತು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವನಲ್ಲ, ಲ್ಯಾಟಿನ್ನೂ ಬರ್ತಿರಲಿಲ್ಲ. ಆದರೆ ಆ ಕೈ ಅಪರೂಪದ್ದು. ಸಾಸಿವೆ ಕಾಳಿನಷ್ಟು ಗಾಜನ್ನು ಮಸೂರ ಮಾಡಿ ಲೋಹದ ತಗಡಿನಲ್ಲಿ ಕೂರಿಸುತ್ತಿದ್ದ. ಹೀಗೆ ಮಾಡಿದ ಒಂದು ಸೂಕ್ಷ್ಮದರ್ಶಕ ಇವತ್ತಿಗೂ ಇದೆ, ಸುಮಾರು 266 ಪಟ್ಟು ಹಿಗ್ಗಿಸಿ ತೋರಿಸುತ್ತೆ.

1673ರಿಂದ ಲಂಡನ್ನಿನ ರಾಯಲ್ ಸೊಸೈಟಿಗೆ ತನ್ನ ಡಚ್ ಭಾಷೆಯಲ್ಲೇ ಪತ್ರ ಬರೆಯತೊಡಗಿದ. ನೀರಿನಲ್ಲಿ ಸಣ್ಣ ಜೀವಿಗಳಿವೆ ಅಂತ 1676ರಲ್ಲಿ ಬರೆದಾಗ ಅಲ್ಲಿನವರಿಗೆ ನಂಬಿಕೆ ಬರಲಿಲ್ಲ. ಮರುವರ್ಷ ರಾಬರ್ಟ್ ಹುಕ್ ತಾನೇ ನೋಡಿ ಹೌದೆಂದ. 1680ರಲ್ಲಿ ಸದಸ್ಯತ್ವವೂ ಬಂತು.

ನನಗೆ ಇಷ್ಟವಾದದ್ದು 1683ರ ಸೆಪ್ಟೆಂಬರಿನ ಪತ್ರ. ದಿನಾ ಉಪ್ಪು ಹಚ್ಚಿ ಹಲ್ಲುಜ್ಜುವವನು ಆತ. ಆದರೂ ದವಡೆ ಸಂದಿಯಲ್ಲಿ ಹಿಟ್ಟು ಕಲಸಿದಂಥ ಬಿಳಿ ಪದಾರ್ಥ. ಅದನ್ನು ಮಳೆನೀರಲ್ಲಿ ಕದಡಿ ನೋಡಿದರೆ ಜೀವಿಗಳು ಓಡಾಡ್ತಿವೆ! ಹೆಂಗಸರದ್ದು, ಮಗುವಿನದ್ದು, ಜನ್ಮದಲ್ಲಿ ಹಲ್ಲುಜ್ಜದ ಮುದುಕನದ್ದು, ಎಲ್ಲರ ಪಾಚಿಯನ್ನೂ ಕೇಳಿ ಪಡೆದು ನೋಡಿದ. ಇಡೀ ದೇಶದ ಜನಸಂಖ್ಯೆಗಿಂತ ಹೆಚ್ಚು ಜೀವಿಗಳು ತನ್ನೊಬ್ಬನ ಬಾಯಲ್ಲಿವೆ ಅನ್ನಿಸಿತು. ಕಟುವಾದ ವಿನೆಗರ್‌ನಿಂದ ಬಾಯಿ ಮುಕ್ಕಳಿಸಿದ, ಆದರೂ ಸಂದಿಯಲ್ಲಿದ್ದವು ಸಾಯಲಿಲ್ಲ. ಅದೇ ವಿನೆಗರನ್ನು ಹೊರಗೆ ಪಾಚಿಗೆ ಬೆರೆಸಿದಾಗ ಸತ್ತವು. ಅಂದ್ರೆ ಅದು ಒಳಪದರ ಮುಟ್ಟುತ್ತಿಲ್ಲ ಅಂತ ತೀರ್ಮಾನಿಸಿದ. ಮೌತ್‌ವಾಶ್ ಜಾಹೀರಾತು ಮಾಡುವವರು ಇದನ್ನೊಮ್ಮೆ ಓದಬೇಕು.

ಆತನಿಗೆ ಕಾಣಲು ಸಾಧ್ಯವೇ ಇಲ್ಲದ್ದೂ ಅಲ್ಲಿ ನಡೀತಿತ್ತು. ಹಲ್ಲು ಹುಳುಕು ಮಾಡುವ ಸ್ಟ್ರೆಪ್ಟೋಕಾಕಸ್ ಮ್ಯೂಟಾನ್ಸ್ ಪೆಪ್ಟೈಡ್ ಅನ್ನೋ ಪುಟ್ಟ ಪ್ರೋಟೀನು ತುಣುಕುಗಳನ್ನು ಸುತ್ತ ಚೆಲ್ಲುತ್ತೆ. ಅದು ದಟ್ಟವಾದಷ್ಟೂ ತಮ್ಮವರು ಸಾಕಷ್ಟು ಸೇರಿದ್ದಾರೆ ಅಂತ ಅರ್ಥ. ಆಗ ಮ್ಯುಟಾಸಿನ್ ಅನ್ನೋ ಬೇರೆ ಪೆಪ್ಟೈಡುಗಳು ತಯಾರಾಗ್ತವೆ. ಇವು ಆಯುಧಗಳು. ಇವುಗಳಲ್ಲಿ ಕೆಲವು ನೆರೆಯ ಬ್ಯಾಕ್ಟೀರಿಯಾದ ಪೊರೆಯನ್ನೇ ತೂತು ಮಾಡ್ತವೆ. ಸತ್ತವನ ಡಿಎನ್‌ಎ ಚೆಲ್ಲಿದರೆ ಅದನ್ನೂ ಬಾಚಿಕೊಳ್ಳುತ್ತೆ. ನೆರೆಯವರೂ ಸುಮ್ಮನಿರಲ್ಲ. ಸ್ಟ್ರೆಪ್ಟೋಕಾಕಸ್ ಸಾಂಗ್ವಿನಿಸ್ ಹೈಡ್ರೋಜನ್ ಪೆರಾಕ್ಸೈಡ್ ಬಿಟ್ಟು ಮ್ಯೂಟಾನ್ಸನ್ನು ಹತ್ತಿಕ್ಕುತ್ತೆ. ಈ ಜಗಳದಲ್ಲಿ ಅದು ನಮ್ಮ ಕಡೆಯದು. ಹಾಗಿರುವಾಗ ಎಲ್ಲರನ್ನೂ ಕೊಲ್ಲುವ ಔಷಧಿಯಿಂದ ಯಾರಿಗೆ ಲಾಭ? ಖಾಲಿಯಾದ ಜಾಗಕ್ಕೆ ಮೊದಲು ಬರೋರು ಯಾರು? ಎಷ್ಟು ದಿನ ಬಳಸಬೇಕು ಅಂತ ಡಾಕ್ಟರನ್ನು ಕೇಳಿಯೇ ಬಾಟಲಿ ತೆರೆಯೋಣ ಅಂತಿದ್ದೇನೆ.

ಲೀವೆನ್‌ಹುಕ್ ಸುಮ್ಮನೆ ಕೂರುವವನಲ್ಲ. 1692ರಲ್ಲಿ ಮತ್ತೆ ತನ್ನ ಹಲ್ಲು ನೋಡಿಕೊಂಡ. ಮುಂದಿನ ಹಲ್ಲಿನ ಜೀವಿಗಳು ಸತ್ತಿದ್ದವು. ಬಿಸಿ ಕಾಫಿ ಕುಡಿಯೋದೇ ಕಾರಣ ಅಂತ ಲೆಕ್ಕ ಹಾಕಿದ, ಯಾಕಂದ್ರೆ ಕಾಫಿ ತಲುಪದ ದವಡೆ ಸಂದಿಯಲ್ಲಿ ಅವು ಇನ್ನೂ ಬದುಕಿದ್ದವು. ತನ್ನ ಅತ್ಯುತ್ತಮ ವಿಧಾನಗಳನ್ನು ಮಾತ್ರ ಯಾರಿಗೂ ಹೇಳಿಕೊಡಲಿಲ್ಲ. ಅವನ ದೊಡ್ಡ ದೋಷ ಅದು ಅಂತ ನನ್ನ ಅಭಿಪ್ರಾಯ.

1723ರ ಆಗಸ್ಟಿನಲ್ಲಿ, 90ರ ವಯಸ್ಸಿನಲ್ಲಿ ತೀರಿಕೊಂಡ. 26 ಬೆಳ್ಳಿ ಸೂಕ್ಷ್ಮದರ್ಶಕಗಳಿದ್ದ ಪೆಟ್ಟಿಗೆಯನ್ನು, ಅವನ ಇಚ್ಛೆಯಂತೆ, ಮಗಳು ಮರಿಯಾ ಲಂಡನ್ನಿಗೆ ಕಳಿಸಿಕೊಟ್ಟಳು. 19ನೇ ಶತಮಾನದಲ್ಲಿ ಆ ಪೆಟ್ಟಿಗೆ ಕಳೆದುಹೋಯ್ತು.