ಕಿಟ್ಟೆಲ್ ಅಯ್ಯನವರ ಜೀವಿತ

ಕನ್ನಡ ಮಾತನ್ನು ಪ್ರೀತಿಸಿದ ಪರದೇಶದವರಲ್ಲಿ ಫೆರ್ಡಿನಾಂಡ್ ಕಿಟ್ಟೆಲ್ ಅಯ್ಯನವರ ಹೆಸರನ್ನು ಕೇಳದವರು ವಿರಳ. ಅವರು ನಿಘಂಟನ್ನು ಬರೆದರೆಂಬುದನ್ನು ಅನೇಕರು ಬಲ್ಲರು. ಸುವಾರ್ತೆಯನ್ನು ಸಾರುವದಕ್ಕಾಗಿ ಬಂದ ಅವರಿಗೆ ಆ ಸೇವೆಯಲ್ಲಿ ಉಂಟಾದ ಮನೋವ್ಯಥೆಯನ್ನು ಬಲ್ಲವರು ಕೆಲವರೇ. ಆದಕಾರಣ ಹಳ್ಳಿಯ ಸಭೆಗಳಲ್ಲಿರುವ ಸಹೋದರ ಸಹೋದರಿಯರ ಪ್ರಯೋಜನಕ್ಕಾಗಿ ಅವರ ಜೀವಿತವನ್ನು ಸಂಕ್ಷೇಪವಾಗಿ ಹೇಳುತ್ತೇವೆ.

ಅವರು 1832ನೆಯ ಇಸವಿ ಏಪ್ರಿಲ್ 7ರಂದು ಜರ್ಮನಿಯ ಉತ್ತರ ಕರಾವಳಿಯ ಸೀಮೆಯಲ್ಲಿ ಹುಟ್ಟಿದರು. ತಂದೆ ಸಭಾಪಾಲಕರು. ಹೀಬ್ರೂ, ಗ್ರೀಕ್, ಲ್ಯಾಟಿನ್ ಮೊದಲಾದ ಭಾಷೆಗಳನ್ನು ಎಳವೆಯಲ್ಲಿಯೇ ಕಲಿತು, ಬಾಸೆಲ್ ಪಟ್ಟಣದ ಮಿಷನ್ ಶಾಲೆಯನ್ನು ಸೇರಿ, 1853ರಲ್ಲಿ ಇಪ್ಪತ್ತೊಂದು ವರುಷದ ತರುಣರಾಗಿ ಕನ್ನಡ ನಾಡಿಗೆ ಬಂದರು. ಅಷ್ಟರೊಳಗೆ ನಮ್ಮ ಚಿತ್ರದುರ್ಗದ ನೆರೆಯ ಬಳ್ಳಾರಿಯಲ್ಲಿ ಲಂಡನ್ ಮಿಷನಿನ ಹ್ಯಾಂಡ್ಸ್, ರೀವ್ ಎಂಬವರ ದುಡಿಮೆಯಿಂದ ಸತ್ಯವೇದವು ಕನ್ನಡದಲ್ಲಿ ಹೊರಟಿತ್ತು. ರೀವ್ ಅಯ್ಯನವರ ಒಂದು ನಿಘಂಟೂ ಅಚ್ಚಾಗಿತ್ತು. ಆದರೂ ಈ ಭಾಷೆಯ ಆಳವನ್ನು ಮುಟ್ಟುವ ಕೆಲಸವು ಇನ್ನೂ ಉಳಿದಿತ್ತು.

ಸುವಾರ್ತಿಕನು ಜನರ ಮಧ್ಯದಲ್ಲಿ ಅವರಂತೆ ಬಾಳಬೇಕು, ದೊರೆಗಳ ಹಾಗೆ ದೂರವಿರಬಾರದು ಎಂಬುದು ಕಿಟ್ಟೆಲ್ ಅಯ್ಯನವರ ದೃಢವಾದ ಅಭಿಪ್ರಾಯ. ಇದನ್ನು ಮರೆಮಾಚದೆ ಹೇಳಿದ್ದರಿಂದ ಅವರಿಗೂ ಮಿಷನಿನವರಿಗೂ ಒಳ್ಳೆಯ ಮನಸ್ಸು ಉಳಿಯಲಿಲ್ಲ. ಸಭೆಗೆ ಬಹುಮಂದಿಯನ್ನು ಕೂಡಿಸಿದ ಕೀರ್ತಿಯೂ ಅವರಿಗೆ ಬರಲಿಲ್ಲ. ಮನೆಯಲ್ಲಿಯೂ ದುಃಖವಿತ್ತು, ಮೊದಲನೆಯ ಪತ್ನಿ ಕೆಲವೇ ವರುಷಗಳಲ್ಲಿ ತೀರಿಹೋದಳು. ಇಷ್ಟು ಸಾಲದೆ ಕಣ್ಣಿನ ಬೇನೆಯು ಅವರನ್ನು ಕಾಡಿತು. ಮನುಷ್ಯರ ಲೆಕ್ಕದಲ್ಲಿ ಇದು ಫಲವಿಲ್ಲದ ಸೇವೆಯಾಗಿ ತೋರಬಹುದು.

ಆದರೆ ಕರ್ತನು ತನ್ನ ಆಳುಗಳಲ್ಲಿ ಒಬ್ಬೊಬ್ಬನಿಗೆ ಒಂದೊಂದು ಹೊಲವನ್ನು ಒಪ್ಪಿಸುತ್ತಾನೆ. ಕಿಟ್ಟೆಲ್ ಅಯ್ಯನವರಿಗೆ ಒಪ್ಪಿಸಿದ ಹೊಲವು ಕನ್ನಡ ನುಡಿಯೇ. 1862ರಲ್ಲಿ ಅವರು ಯೇಸುವಿನ ಚರಿತ್ರೆಯನ್ನು ಕನ್ನಡ ಪದ್ಯದಲ್ಲಿ ಕಥಾಮಾಲೆ ಎಂಬ ಹೆಸರಿನಿಂದ ಪ್ರಕಟಿಸಿದರು. ಬಲಿ ಎಂಬ ವಿಷಯವನ್ನು ಈ ದೇಶದವರು ಹೇಗೆ ತಿಳಿದಿದ್ದಾರೆಂದು ವೇದಗ್ರಂಥಗಳನ್ನು ಶೋಧಿಸಿ, ಆ ಕುರಿತು ಒಂದು ಪುಸ್ತಕವನ್ನೂ ಬರೆದರು. ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿಯೂ ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿಯೂ ಪರಿಷ್ಕರಿಸಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದರು. ಇವು ಜೈನ ಪಂಡಿತರ ಗ್ರಂಥಗಳು. ಅನ್ಯಮತದವರವೆಂದು ಅವುಗಳನ್ನು ತಳ್ಳದೆ, ಗುರುವಿನ ಮುಂದೆ ಶಿಷ್ಯನು ಕೂತಂತೆ ಅವುಗಳ ಮುಂದೆ ಕೂತು ಕಲಿತರು.

ಇದರ ಸಂಗಡಲೇ ಮಹಾ ನಿಘಂಟಿನ ಕೆಲಸವು ಸುಮಾರು ಇಪ್ಪತ್ತು ವರುಷ ಸಾಗಿತು. ಪ್ರತಿಯೊಂದು ಮಾತಿಗೂ ಹಳಗನ್ನಡದ ರೂಪ ಯಾವದು, ಕವಿಗಳು ಅದನ್ನು ಎಲ್ಲಿ ಬಳಸಿದ್ದಾರೆ, ಯಾವ ಗಾದೆಯಲ್ಲಿ ಅದು ಬರುತ್ತದೆ, ತಮಿಳು ತೆಲುಗು ತುಳು ಮಲಯಾಳಗಳಲ್ಲಿ ಅದರ ಬಳಗ ಯಾವದು ಎಂದು ಹುಡುಕಬೇಕಾಗಿತ್ತು. ಬಾಗೂರಿನ ರೈತನು ದಿನಾಲು ಹಿಡಿಯುವ ನೇಗಿಲನ್ನೇ ನೋಡಿರಿ. ತೆಲುಗಿನ ನಾಗಲಿಯೂ ತುಳುವಿನ ನಾಯೆರೂ ಅದರ ಒಡಹುಟ್ಟುಗಳು. ಹೀಗೆ ಸುಮಾರು 70,000 ಮಾತುಗಳು ಕೂಡಿದವು. ಕವಿಯ ಮಾತಿಗೆ ಕೊಟ್ಟ ಸ್ಥಾನವನ್ನೇ ಒಕ್ಕಲಿಗನ ಗಾದೆಗೂ ಕೊಟ್ಟರು. ಐದು ಸಾವಿರ ಮಂದಿ ಉಂಡ ಮೇಲೆ ಉಳಿದ ತುಂಡುಗಳನ್ನು ಕೂಡಿಸಬೇಕೆಂದು ಯೇಸು ಶಿಷ್ಯರಿಗೆ ಅಪ್ಪಣೆಕೊಟ್ಟದ್ದು ಇಲ್ಲಿ ನಮ್ಮ ನೆನಪಿಗೆ ಬರುತ್ತದೆ.

1892ರಲ್ಲಿ ಅವರು ಸ್ವದೇಶಕ್ಕೆ ಮರಳಿದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನಿನವರು 1,752 ಪುಟಗಳ ಆ ನಿಘಂಟನ್ನು ಪ್ರಕಟಿಸಿದರು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ಅವರಿಗೆ ಡಾಕ್ಟರ್ ಪದವಿಯನ್ನು ಕೊಟ್ಟು ಗೌರವಿಸಿತು. ಅವರ ಕನ್ನಡ ವ್ಯಾಕರಣವು 1903ರಲ್ಲಿ ಹೊರಟಿತು. ಅದೇ ವರುಷದ ಡಿಸೆಂಬರ್ ತಿಂಗಳಲ್ಲಿ ಟ್ಯೂಬಿಂಗೆನಿನಲ್ಲಿ ಅವರು ಕರ್ತನಲ್ಲಿ ನಿದ್ರೆಹೋದರು. ಮದರಾಸು ವಿಶ್ವವಿದ್ಯಾನಿಲಯವು ಮರಿಯಪ್ಪ ಭಟ್ಟರ ಪರಿಷ್ಕರಣದೊಂದಿಗೆ ಆ ನಿಘಂಟನ್ನು 1968ರಿಂದ ನಾಲ್ಕು ಸಂಪುಟಗಳಾಗಿ ಪುನಃ ಹೊರತಂದಿತು. ಮತಭೇದವಿಲ್ಲದೆ ಕನ್ನಡಿಗರೆಲ್ಲರೂ ಈ ಹೊತ್ತಿಗೂ ಅದನ್ನು ತೆರೆದು ನೋಡುತ್ತಾರೆ.

ಪ್ರಿಯರೇ, ಹಳ್ಳಿಯ ಸಭೆಯಲ್ಲಿ ದುಡಿಯುವವರು ವರುಷದ ಕೊನೆಗೆ ದೀಕ್ಷಾಸ್ನಾನವಾದವರನ್ನು ಎಣಿಸಿ, ಸಂಖ್ಯೆ ಕಡಿಮೆಯಾದರೆ ಕುಗ್ಗಿಹೋಗುವದುಂಟು. ಕಿಟ್ಟೆಲ್ ಅಯ್ಯನವರ ಜೀವಿತವು ಅಂಥವರಿಗೆ ಆದರಣೆ. ನೆರೆಯವನ ಮಾತನ್ನು ತಾಳ್ಮೆಯಿಂದ ಕೇಳಿ ಅದರ ಅರ್ಥವನ್ನು ತಿಳಿಯುವದೂ ಪ್ರೀತಿಯ ಕೆಲಸವೇ. ಹಾಗೆ ಕೇಳದವನ ಬೋಧನೆಯು ಬಾಗಿಲ ಹೊರಗೇ ನಿಲ್ಲುವದು. ಆದದರಿಂದ ಈ ತಿಂಗಳಲ್ಲಿ ನಾವು ಮನೆಮನೆಗೆ ಹೋಗುವಾಗ ಮೊದಲು ಕೇಳೋಣ, ಆಮೇಲೆ ಹೇಳೋಣ. ಬೆಳೆಯನ್ನು ಕೊಡುವಾತನು ದೇವರು; ಕೊಯ್ಲಿನ ಕಾಲವನ್ನು ಆತನೇ ಬಲ್ಲನು.