ಸನ್‌ಹೂರಿ: ಎರಡು ಕಾನೂನುಗಳನ್ನು ಒಂದೇ ತರಗತಿಗೆ ತಂದ ಮೇಷ್ಟ್ರು

ನಮ್ಮಲ್ಲಿ ದರ್ಸ್‌ನಲ್ಲಿ ಫಿಕ್ಹ್ ಕಲಿತ ಹುಡುಗ ಕೋರ್ಟಿನ ಕಾನೂನು ಓದೋದು ಕಡಿಮೆ, ಎಲ್‌ಎಲ್‌ಬಿ ಮಾಡಿದವನಿಗೆ ಫಿಕ್ಹ್ ದೂರ. ನೂರು ವರ್ಷದ ಹಿಂದೆ ಈಜಿಪ್ಟ್‌ನಲ್ಲೂ ಹೀಗೇ ಇತ್ತು. ಆ ಅಂತರ ಕಡಿಮೆ ಮಾಡಲು ಇಡೀ ಜೀವನ ಕೊಟ್ಟವರು ಅಬ್ದುಲ್ ರಝಾಕ್ ಅಲ್ ಸನ್‌ಹೂರಿ. ಅರಬ್ ದೇಶಗಳ ಕಾನೂನು ವಿದ್ಯಾರ್ಥಿಗಳು ಇವತ್ತಿಗೂ ಅವರ ಪುಸ್ತಕ ಮುಟ್ಟದೆ ಮುಂದೆ ಹೋಗುವುದಿಲ್ಲ.

1895ರಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಹುಟ್ಟಿದ ಅವರು ಸಣ್ಣ ವಯಸ್ಸಿನಲ್ಲೇ ಯತೀಮ್ ಆದರು. ಕಷ್ಟಪಟ್ಟು ಓದಿ 1917ರಲ್ಲಿ ಕೈರೋದಲ್ಲಿ ಕಾನೂನು ಪದವಿ ಪಡೆದು ಸರಕಾರಿ ವಕೀಲರಾದರು. 1919ರಲ್ಲಿ ಬ್ರಿಟಿಷರ ವಿರುದ್ಧ ಜನ ಎದ್ದಾಗ ಇವರೂ ಜೊತೆಗಿದ್ದರು. ಅದಕ್ಕೆ ಸಿಕ್ಕಿದ್ದು ದೂರದ ಅಸ್ಯೂತ್‌ಗೆ ವರ್ಗಾವಣೆ. ನಂತರ ಶರೀಅತ್ ಖಾಝಿಗಳನ್ನು ತಯಾರು ಮಾಡುವ ಶಾಲೆಯಲ್ಲಿ ಪಾಠ ಮಾಡಿದರು.

1921ರಲ್ಲಿ ಫ್ರಾನ್ಸ್‌ನ ಲಿಯೋನ್‌ಗೆ ಹೋಗಿ ಎರಡು ಡಾಕ್ಟರೇಟ್ ಪ್ರಬಂಧ ಬರೆದರು. ಒಂದು ಇಂಗ್ಲಿಷ್ ಕಾನೂನಿನ ಕರಾರುಗಳ ಬಗ್ಗೆ, ಇನ್ನೊಂದು ಖಿಲಾಫತ್ ಬಗ್ಗೆ. 1924ರಲ್ಲಿ ತುರ್ಕಿಯಲ್ಲಿ ಖಿಲಾಫತ್ ರದ್ದಾಗಿ, ನಮ್ಮ ದೇಶದ ಮುಸ್ಲಿಮರೂ ನೊಂದಿದ್ದ ಕಾಲ ಅದು. ಪೂರ್ವದ ದೇಶಗಳೆಲ್ಲ ಸೇರಿ ಒಂದು ಒಕ್ಕೂಟ ಮಾಡಿಕೊಳ್ಳಬಹುದು ಎಂಬ ದಾರಿಯನ್ನು ಆ ಪ್ರಬಂಧದಲ್ಲಿ ತೋರಿಸಿದರು.

1926ರಲ್ಲಿ ವಾಪಸು ಬಂದು ಈಜಿಪ್ಟ್ ವಿಶ್ವವಿದ್ಯಾಲಯದ ಕಾನೂನು ವಿಭಾಗದಲ್ಲಿ ಸಿವಿಲ್ ಕಾನೂನಿನ ಮೇಷ್ಟ್ರಾದರು. ಆಗ ಅಲ್ಲಿನ ಸಿವಿಲ್ ಕಾನೂನು ಫ್ರಾನ್ಸ್‌ನಿಂದ ತಂದದ್ದು. ವಿದೇಶಿಯರಿಗೆ ಬೇರೆಯದೇ ಮಿಶ್ರ ಕೋರ್ಟು, ಮದುವೆ-ತಲಾಖ್ ವಿಷಯಕ್ಕೆ ಶರೀಅತ್ ಕೋರ್ಟು. ಒಂದೇ ಊರು, ಮೂರು ಕೋರ್ಟು! ಇದೇ ವಿಭಾಗದಲ್ಲಿ ಮುಂದೆ ಮುಹಮ್ಮದ್ ಅಬೂ ಝಹ್ರಾ ಅವರಂಥ ಆಲಿಮ್‌ಗಳು ಶರೀಅತ್ ಕಲಿಸಿದರು. ನಮ್ಮ ಇಮಾಮ್ ಶಾಫಿಈಯವರ ಬಗ್ಗೆ ದೊಡ್ಡ ಗ್ರಂಥ ಬರೆದವರು ಇವರೇ.

ರಾಜಕೀಯ ಕಾರಣಕ್ಕೆ ಕೆಲಸ ಹೋದಾಗ ಸನ್‌ಹೂರಿ ಸುಮ್ಮನೆ ಕೂರಲಿಲ್ಲ. 1935ರಲ್ಲಿ ಬಗ್ದಾದ್‌ಗೆ ಹೋಗಿ ಕಾನೂನು ಕಾಲೇಜಿನ ಡೀನ್ ಆದರು. ಇರಾಕ್‌ನಲ್ಲಿ ಆಗ ಉಸ್ಮಾನಿಯಾ ಕಾಲದ ಮಜಲ್ಲಾ ಚಾಲ್ತಿಯಲ್ಲಿತ್ತು. ಹನಫಿ ಫಿಕ್ಹ್‌ನ ವ್ಯವಹಾರ ನಿಯಮಗಳನ್ನು 1851 ಕಲಮುಗಳಲ್ಲಿ ಜೋಡಿಸಿದ ಕಾನೂನು ಅದು. ಅದನ್ನು ಹೊಸ ಸಿವಿಲ್ ಕಾನೂನಿನ ಪಕ್ಕ ಇಟ್ಟು, ಹೋಲಿಸಿ ಪಾಠ ಮಾಡುವ ಕ್ರಮ ತಂದರು. ಫಿಕ್ಹ್ ಬರೀ ಹಳೆಯ ಕಿತಾಬಲ್ಲ, ಇವತ್ತಿನ ವ್ಯಾಪಾರದ ಜಗಳವನ್ನೂ ತೀರಿಸಬಲ್ಲದು ಅನ್ನೋದು ಅವರ ನಂಬಿಕೆ. ಆದರೆ ಅದಕ್ಕೆ ಮೊದಲು ಕೂತು ಓದಬೇಕು, ಇವತ್ತಿನ ಕಾನೂನಿನ ಭಾಷೆಯಲ್ಲಿ ಅದನ್ನು ಹೇಳಲು ಕಲಿಯಬೇಕು ಎನ್ನುತ್ತಿದ್ದರು.

ಈಜಿಪ್ಟ್‌ಗೆ ಮರಳಿ ಕಾನೂನು ವಿಭಾಗದ ಡೀನ್ ಆದ ಮೇಲೆ ಹೊಸ ಸಿವಿಲ್ ಸಂಹಿತೆಯ ಕೆಲಸ ಅವರ ಹೆಗಲಿಗೆ ಬಂತು. 1948ರಲ್ಲಿ ಅಂಗೀಕಾರವಾದ 1149 ಕಲಮುಗಳ ಆ ಸಂಹಿತೆ 1949ರ ಅಕ್ಟೋಬರ್ 15ರಂದು ಜಾರಿಗೆ ಬಂತು. ಅದೇ ಹೊತ್ತಿಗೆ ಮಿಶ್ರ ಕೋರ್ಟುಗಳೂ ಮುಚ್ಚಿದವು. ಕಾನೂನಿನಲ್ಲಿ ಉತ್ತರ ಸಿಗದಿದ್ದರೆ ನ್ಯಾಯಾಧೀಶ ಮೊದಲು ರೂಢಿಯನ್ನು, ಆಮೇಲೆ ಶರೀಅತ್‌ನ ತತ್ವಗಳನ್ನು ನೋಡಬೇಕು ಎಂದು ಮೊದಲ ಕಲಮೇ ಹೇಳುತ್ತದೆ.

ಒಂದು ಉದಾಹರಣೆ ನೋಡಿ. ಸಾಯುವ ಕಾಯಿಲೆಯಲ್ಲಿ ಮಲಗಿರುವ ತಂದೆ ಒಬ್ಬ ಮಗನಿಗೆ ಮಾತ್ರ ಮನೆಯನ್ನು ಅಗ್ಗಕ್ಕೆ ಮಾರಿಬಿಟ್ಟರೆ ಉಳಿದ ಮಕ್ಕಳ ಗತಿ? ನಮ್ಮ ಮನೆಗಳಲ್ಲೂ ಕೇಳಿಬರುವ ತಕರಾರೇ ಇದು. ಬಿಟ್ಟುಕೊಟ್ಟ ಮೊತ್ತ ಆಸ್ತಿಯ ಮೂರನೇ ಒಂದು ಭಾಗ ದಾಟಿದರೆ ಉಳಿದ ವಾರಸುದಾರರು ಒಪ್ಪಬೇಕು ಎಂಬ ನಿಯಮವನ್ನು ಅವರು ಫಿಕ್ಹ್‌ನಿಂದಲೇ ಸಂಹಿತೆಗೆ ತಂದರು.

ಎಲ್ಲರೂ ಮೆಚ್ಚಲಿಲ್ಲ. ಇದರಲ್ಲಿ ಫ್ರೆಂಚ್ ಹೆಚ್ಚು, ಶರೀಅತ್ ಕಡಿಮೆ ಎಂಬ ಟೀಕೆ ಆಗಲೂ ಇತ್ತು, ಈಗಲೂ ಇದೆ. ಆದರೂ ಸಿರಿಯಾ, ಲಿಬಿಯಾ ಇದೇ ದಾರಿ ಹಿಡಿದವು. ಇರಾಕ್‌ನ ಸಂಹಿತೆಯನ್ನು ಅವರೇ ರೂಪಿಸಿದರು, ಅದರಲ್ಲಿ ಫಿಕ್ಹ್‌ನ ಪಾಲು ಇನ್ನೂ ಹೆಚ್ಚು. ನಮ್ಮವರು ಸಾವಿರಾರು ಮಂದಿ ದುಡಿದ ಕುವೈತ್‌ನ 1961ರ ವಾಣಿಜ್ಯ ಕಾನೂನಿನ ಹಿಂದೆಯೂ ಅವರ ಕೈ ಇದೆ.

1949ರಿಂದ ಅವರು ಈಜಿಪ್ಟ್‌ನ ರಾಜ್ಯ ಪರಿಷತ್ತಿನ ಅಧ್ಯಕ್ಷರು. ಸರಕಾರದ ತಪ್ಪು ಆದೇಶವನ್ನೂ ರದ್ದು ಮಾಡಬಲ್ಲ ನ್ಯಾಯಸ್ಥಾನ ಅದು. 1952ರಲ್ಲಿ ಸೇನಾಧಿಕಾರಿಗಳು ಅಧಿಕಾರ ಹಿಡಿದಾಗ ಮೊದಲು ಅವರಿಗೆ ಕಾನೂನಿನ ಸಲಹೆ ಕೊಟ್ಟವರಲ್ಲಿ ಇವರೂ ಒಬ್ಬರು. ಆದರೆ ಸಂಸದೀಯ ಆಡಳಿತ ಮರಳಬೇಕು ಎಂಬ ಕಡೆ ನಿಂತಾಗ ಸಂಬಂಧ ಕೆಟ್ಟಿತು. 1954ರ ಮಾರ್ಚ್‌ನಲ್ಲಿ ಗುಂಪೊಂದು ಪರಿಷತ್ತಿನ ಕಟ್ಟಡಕ್ಕೇ ನುಗ್ಗಿ ಅವರನ್ನು ಹೊಡೆಯಿತು. ಹುದ್ದೆಯೂ ಹೋಯಿತು.

ಆಮೇಲಿನ ವರ್ಷಗಳು ಬರವಣಿಗೆಗೆ. ಸಿವಿಲ್ ಕಾನೂನಿನ ಅಲ್ ವಸೀತ್ ಹತ್ತು ಸಂಪುಟಗಳಲ್ಲಿ ಬಂತು, 1952ರಲ್ಲಿ ಶುರುವಾಗಿ 1970ರಲ್ಲಿ ಮುಗಿಯಿತು. ಇಸ್ಲಾಮಿ ಫಿಕ್ಹ್‌ನಲ್ಲಿ ಹಕ್ಕುಗಳ ಮೂಲದ ಬಗ್ಗೆ ಬೇರೆ ಆರು ಸಂಪುಟ. 1971ರ ಜುಲೈನಲ್ಲಿ ಅವರು ತೀರಿಕೊಂಡರು.

ಹುದ್ದೆ ಕಿತ್ತುಕೊಂಡವರಿಗೆ ಅವರ ಪುಸ್ತಕ ಕಿತ್ತುಕೊಳ್ಳಲು ಆಗಲಿಲ್ಲ. ಅವರು ಬರೆದ ಸಂಹಿತೆ ಈಜಿಪ್ಟ್ ಕೋರ್ಟುಗಳಲ್ಲಿ ಈಗಲೂ ಜಾರಿಯಲ್ಲಿದೆ. ದರ್ಸ್ ಮುಗಿಸಿ ಲಾ ಕಾಲೇಜು ಸೇರಬೇಕೋ ಬೇಡವೋ ಎಂದು ಯೋಚಿಸುತ್ತಿರುವ ನಮ್ಮ ಹುಡುಗ-ಹುಡುಗಿಯರು ಈ ಮೇಷ್ಟ್ರ ಬದುಕನ್ನು ಒಮ್ಮೆ ಓದಿ ನೋಡಲಿ.